ಹಳೆಯ ಧ್ವನಿಮುದ್ರಿಕೆಗಳು ಮತ್ತು ಕೃತಿಸ್ವಾಮ್ಯದ ಕಾನೂನು: ಕನ್ನಡ ನಾಡಿನ ಗಾಯಕರನ್ನು ಮುಂದಿರಿಸಿಕೊಂಡು ಒಂದು ಪರಿಶೀಲನೆ

ಗಂಗೂಬಾಯಿ ಹಾನಗಲ್ಲರ (1913–2009) ಗಾಯನವನ್ನು ಬಲ್ಲ ಇಂದಿನ ರಸಿಕರಿಗೆ ಪರಿಚಿತವಾಗಿರುವುದು ಗಂಡುದನಿಯೇನೋ ಎಂಬ ಭ್ರಮೆ ಹುಟ್ಟಿಸುವ ತುಂಬು ಗಂಭೀರ ಕಂಠ. ಆದರೆ 1930ರ ದಶಕದಲ್ಲಿ ಅವರು ಮುಂಬಯಿಯಲ್ಲಿ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಕಂಪನಿಗಾಗಿ ಹಾಡಿದ ತಟ್ಟೆಗಳಲ್ಲಿ ಕೇಳಿಬರುವುದು ಬೇರೆಯೇ ಒಂದು ದನಿ: ಎತ್ತರದ ಶ್ರುತಿಯಲ್ಲಿ ಸಲೀಸಾಗಿ ಓಡಾಡುವ, ತೆಳುವೂ ಚುರುಕೂ ಆದ ಎಳೆಯ ಕಂಠ. ತಟ್ಟೆಯ ನಡುವಿನ ದುಂಡು ಚೀಟಿಯ ಮೇಲೆ ಅಚ್ಚಾಗಿದ್ದ ಹೆಸರೂ ಬೇರೆ. ಅಲ್ಲಿ ಅವರು ‘ಗಾಂಧಾರಿ’. ಮುಂದೆ ಗಂಟಲಿನ ಬೇನೆ ಮತ್ತು ಅದರ ಚಿಕಿತ್ಸೆಯ ಪರಿಣಾಮವಾಗಿ ದನಿ ಬದಲಾಯಿತು. ಸವಾಯಿ ಗಂಧರ್ವರ ಶಿಷ್ಯೆಯಾಗಿ ಕಿರಾಣಾ ಘರಾಣೆಯ ಗಾಯಕಿಯನ್ನು ಅರಗಿಸಿಕೊಂಡು ಅವರು ಆ ಬದಲಾದ ದನಿಯನ್ನೇ ತಮ್ಮ ಸಂಪತ್ತಾಗಿ ಮಾಡಿಕೊಂಡದ್ದು ನಮ್ಮ ಸಂಗೀತ ಚರಿತ್ರೆಯ ಹೆಮ್ಮೆಯ ಅಧ್ಯಾಯ. ಆದರೆ ಆ ಅಧ್ಯಾಯದ ಮೊದಲ ಪುಟ, ಅಂದರೆ ಬದಲಾಗುವ ಮುನ್ನಿನ ಕಂಠ, ಅರಗಿನ ಆ ತಟ್ಟೆಗಳಲ್ಲಿ ಉಳಿದಿದೆ. ಅವು ಹೋದರೆ ಅದೂ ಹೋದಂತೆಯೇ.

ಮಲ್ಲಿಕಾರ್ಜುನ ಮನಸೂರರ ವಿಷಯದಲ್ಲೂ ಸಂಗತಿ ಹೆಚ್ಚು ಬೇರೆಯಲ್ಲ. ಜೈಪುರ ಘರಾಣೆಯ ಮಂಜೀಖಾನರಲ್ಲಿ ತಾಲೀಮು ಪಡೆಯುವ ಮೊದಲು ಅವರು ನೀಲಕಂಠಬುವಾ ಆಲೂರಮಠರಿಂದ ಗ್ವಾಲಿಯರ್ ಗಾಯಕಿಯನ್ನು ಕಲಿತಿದ್ದರು. ಆ ಹಂತದ ಮನಸೂರರನ್ನು ಕೇಳಬೇಕೆಂದರೆ ಎಳೆಯ ವಯಸ್ಸಿನ ತಟ್ಟೆಗಳಿಗೇ ಮೊರೆಹೋಗಬೇಕು. ತಟ್ಟೆಯೆಂಬುದು ಕೇವಲ ದಾಖಲೆಯಾಗಿಯೂ ಉಳಿಯಲಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಜೋಟಿ ಠುಮ್ರಿಯನ್ನು ಮೊದಲು ಕೇಳಿದ್ದು ತಟ್ಟೆಯಿಂದಲೇ. ಅದು ಹಚ್ಚಿದ ಹುಚ್ಚಿನಲ್ಲಿ ಮನೆ ಬಿಟ್ಟು ಗುರುವನ್ನು ಅರಸಿ ಹೊರಟದ್ದು ಎಲ್ಲರಿಗೂ ತಿಳಿದ ವಿಷಯ. ಗುರುಮುಖದ ವಿದ್ಯೆಯಲ್ಲಿ ತಟ್ಟೆಯೂ ಒಂದು ಮುಖವಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ತಟ್ಟೆಗಳ ಒಡೆತನ ಯಾರದು? ಅವುಗಳನ್ನು ಮರುಮುದ್ರಿಸುವ, ಪ್ರಸಾರ ಮಾಡುವ, ಅಧ್ಯಯನಕ್ಕಾಗಿ ಪ್ರತಿ ತೆಗೆದುಕೊಳ್ಳುವ ಅಧಿಕಾರ ಯಾರಿಗಿದೆ, ಎಲ್ಲಿಯವರೆಗೆ ಇದೆ? ಸಾಹಿತ್ಯದ ವಿದ್ಯಾರ್ಥಿಗಳು ಗ್ರಂಥಸ್ವಾಮ್ಯದ ಬಗ್ಗೆ ಅಷ್ಟಿಷ್ಟು ಬಲ್ಲರು. ಧ್ವನಿಯ ಸ್ವಾಮ್ಯವನ್ನು ಕುರಿತು ಕನ್ನಡದಲ್ಲಿ ನಡೆದ ಚರ್ಚೆ ಅತ್ಯಲ್ಪ. ಭಾವಗೀತೆ, ವಚನಗಾಯನ, ದಾಸರ ಪದ, ರಂಗಗೀತೆ ಇವೆಲ್ಲ ಸಾಹಿತ್ಯದ ಅಭ್ಯಾಸದ ಒಳಗೇ ಬರುವ ವಿಷಯಗಳಾದ್ದರಿಂದ ಕಾನೂನಿನ ಈ ಬದಿಯನ್ನೂ ಅರಿತಿರುವುದು ಅವಶ್ಯ.

ತಟ್ಟೆಯ ಒಡೆಯ

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಧ್ವನಿಮುದ್ರಣ ನಡೆಸಿದಾಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುವುದನ್ನು ಹಳೆಯ ತಟ್ಟೆಗಳಲ್ಲಿ ಕೇಳಬಹುದು. ಅಚ್ಚು ಹಾಕುವ ಕಾರ್ಖಾನೆ ಆಗ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂಬುದಷ್ಟೇ ಆ ಘೋಷಣೆಯ ಉದ್ದೇಶ. ಇಂದು ಕೇಳುವವರಿಗೆ ಅದು ಒಡೆತನದ ಘೋಷಣೆಯಂತೆ ತೋರುತ್ತದೆ. ವಾಸ್ತವದಲ್ಲಿ ಹೆಸರು ಹೇಳಿದಾಕೆಗೆ ಆ ತಟ್ಟೆಯ ಮೇಲೆ ಕಾನೂನಿನ ಯಾವ ಹಕ್ಕೂ ದಕ್ಕಲಿಲ್ಲ. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆತು ಆಕೆ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ದೇಶದ ಉದ್ದಗಲಕ್ಕೂ ಮಾರಾಟವಾದ ದನಿಯೊಂದು ಕೊನೆಗೆ ನೆಚ್ಚಬೇಕಾಗಿ ಬಂದದ್ದು ಅರಮನೆಯ ಸಂಬಳವನ್ನು ಎಂಬುದು ಗಮನಾರ್ಹ.

ಬ್ರಿಟನ್ನಿನ 1911ರ ಕೃತಿಸ್ವಾಮ್ಯ ಶಾಸನವನ್ನು ಕೆಲವು ಮಾರ್ಪಾಡುಗಳೊಡನೆ ಭಾರತಕ್ಕೆ ಅನ್ವಯಿಸಿದ್ದು 1914ರ ಅಧಿನಿಯಮ. ಅದರ ಪ್ರಕಾರ ಮೂಲ ಅಚ್ಚು ಸಿದ್ಧವಾದಾಗ ಆ ಅಚ್ಚು ಯಾರ ಸ್ವತ್ತಾಗಿತ್ತೋ ಅವರೇ ಧ್ವನಿಮುದ್ರಿಕೆಯ ‘ಕರ್ತೃ’. ಸ್ವತಂತ್ರ ಭಾರತದ 1957ರ ಅಧಿನಿಯಮವೂ ಇದನ್ನು ಹಾಗೆಯೇ ಉಳಿಸಿಕೊಂಡಿತು. 1994ರ ತಿದ್ದುಪಡಿ ‘ಅಚ್ಚಿನ ಒಡೆಯ’ ಎಂಬುದರ ಬದಲು ‘ನಿರ್ಮಾಪಕ’ ಎಂಬ ಮಾತನ್ನು ತಂದಿತಾದರೂ ಅರ್ಥದಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ. ‘ಕರ್ತೃ’ ಎಂಬ ಶಬ್ದ ಇಲ್ಲಿ ಪಡೆದ ಅರ್ಥವನ್ನು ಕಂಡು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳು ಬೆರಗಾದರೆ ತಪ್ಪಿಲ್ಲ: ಹಾಡಿದವರು ಕರ್ತೃವಲ್ಲ, ನುಡಿಸಿದವರು ಕರ್ತೃವಲ್ಲ, ಮೇಣದ ಹಲಗೆಗೆ ಹಣ ಹಾಕಿದವರು ಕರ್ತೃ.

ಆದ್ದರಿಂದ ಕಲಾವಿದರಿಗೂ ಕಂಪನಿಗೂ ನಡುವಣ ಸಂಬಂಧವೆಲ್ಲ ಕರಾರಿನ ಮೇಲೆ ನಿಂತಿತು. ಕರಾರಿನಲ್ಲಿ ರಾಯಧನದ ಮಾತಿದ್ದರೆ ಉಂಟು, ಇಲ್ಲದಿದ್ದರೆ ಒಂದು ಬಾರಿಯ ಸಂಭಾವನೆಯಲ್ಲಿ ಎಲ್ಲವೂ ಮುಗಿಯಿತು. 1960ರ ದಶಕದಲ್ಲಿ ಮುಂಬಯಿಯ ಚಿತ್ರರಂಗದಲ್ಲಿ ಲತಾ ಮಂಗೇಶ್ಕರ್ ಹಿನ್ನೆಲೆ ಗಾಯಕರಿಗೂ ರಾಯಧನ ಬೇಕೆಂದು ಪಟ್ಟು ಹಿಡಿದದ್ದು, ಮೊಹಮ್ಮದ್ ರಫಿ ಅದನ್ನು ಒಪ್ಪದೆ ಇಬ್ಬರೂ ಕೆಲವು ವರ್ಷ ಒಟ್ಟಿಗೆ ಹಾಡದೆ ಉಳಿದದ್ದು ಪ್ರಸಿದ್ಧವಾಗಿದೆ. ಅಂಥ ಪಟ್ಟು ಹಿಡಿಯುವ ಶಕ್ತಿ ಎಲ್ಲ ಗಾಯಕರಿಗೂ ಇರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬರೆಯದ ಸಂಗೀತ

ಧ್ವನಿಮುದ್ರಿಕೆ ಕಂಪನಿಯದಾದರೆ ಆಗಲಿ, ಅದರೊಳಗಿನ ಸಂಗೀತವಾದರೂ ಸಂಗೀತಗಾರರದಾಗಬೇಕಷ್ಟೆ. 1957ರ ಅಧಿನಿಯಮದ ಅತ್ಯಂತ ವಿಲಕ್ಷಣವಾದ ಭಾಗ ಎದುರಾಗುವುದು ಇಲ್ಲಿಯೇ. ಆ ಅಧಿನಿಯಮ ‘ಸಂಗೀತ ಕೃತಿ’ಗೆ ಕೊಟ್ಟ ವ್ಯಾಖ್ಯೆಯಂತೆ, ರಾಗರಚನೆಯಾಗಲಿ ಸ್ವರಮೇಳವಾಗಲಿ ಅಚ್ಚಾಗಿರಬೇಕು, ಬರೆಹಕ್ಕೆ ಇಳಿದಿರಬೇಕು ಅಥವಾ ಬೇರಾವುದೋ ರೇಖಾರೂಪವನ್ನು ಪಡೆದಿರಬೇಕು, ಆಗ ಮಾತ್ರ ಅದು ಕೃತಿ. ಪಾಶ್ಚಾತ್ಯ ಸಂಗೀತದಲ್ಲಿ ರಚನಕಾರ ಬರೆದ ಸ್ವರಪತ್ರವೇ ಕೃತಿ, ವಾದ್ಯವೃಂದ ಅದನ್ನು ನುಡಿಸಿ ತೋರಿಸುತ್ತದೆ. ಅಲ್ಲಿಗೆ ಹೊಂದುವ ಈ ವ್ಯಾಖ್ಯೆಯನ್ನು ಬಾಯಿಂದ ಕಿವಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದುಬರುವ ನಮ್ಮ ಸಂಗೀತಕ್ಕೆ ಹೊದಿಸಿದಾಗ ಆದದ್ದೇನು? ಉಸ್ತಾದರು ವರ್ಷಗಟ್ಟಲೆ ಸತಾಯಿಸಿ, ಪರೀಕ್ಷಿಸಿ, ಕೊನೆಗೊಮ್ಮೆ ಮೆಚ್ಚಿದ ಶಿಷ್ಯನಿಗೆ ಧಾರೆಯೆರೆಯುತ್ತಿದ್ದ ಚೀಜು ಕಾನೂನಿನ ಕಣ್ಣಿಗೆ ಕಾಣಿಸಲೇ ಇಲ್ಲ. ಬರೆದಿಲ್ಲವಾದ್ದರಿಂದ ಅದು ಕೃತಿಯಲ್ಲ. ಕೃತಿಯಲ್ಲವಾದ್ದರಿಂದ ಅದಕ್ಕೆ ಸ್ವಾಮ್ಯವೂ ಇಲ್ಲ.

ಈ ಹಿನ್ನೆಲೆಯಲ್ಲಿ ವಿಷ್ಣು ನಾರಾಯಣ ಭಾತಖಂಡೆಯವರ (1860–1936) ಕಾರ್ಯವನ್ನು ನೆನೆಯಬೇಕು. ಘರಾಣೆಗಳ ಚೀಜುಗಳನ್ನು ಸಂಗ್ರಹಿಸಿ, ಸ್ವರಲಿಪಿಗಿಳಿಸಿ, ಅಚ್ಚು ಹಾಕಿಸಿದ ಅವರು ವೃತ್ತಿಯಿಂದ ವಕೀಲರಾಗಿದ್ದರೆಂಬುದು ಕಾಕತಾಳೀಯವಿರಬಹುದು. ಆದರೆ ಅವರ ಪುಸ್ತಕಗಳಿಂದ ಒದಗಿದ ಪರಿಣಾಮ ಕಾನೂನಿನ ದೃಷ್ಟಿಯಿಂದಲೂ ಕುತೂಹಲಕರವಾದುದು. ಹಾಡುತ್ತಿದ್ದವರ ಬಾಯಲ್ಲಿದ್ದಾಗ ಕೃತಿಯಾಗದ ಚೀಜು ಕಾಗದದ ಮೇಲೆ ಬಂದೊಡನೆ ಕೃತಿಯೆನಿಸಿಕೊಳ್ಳುವ ಅರ್ಹತೆ ಪಡೆಯಿತು. ಸ್ವರಲಿಪಿಯ ಬಗ್ಗೆ ಹಳೆಯ ಉಸ್ತಾದರಿಗಿದ್ದ ಅನುಮಾನವನ್ನು ಕೇವಲ ಜಿಪುಣತನವೆಂದು ತಳ್ಳಿಹಾಕುವ ವಾಡಿಕೆ ನಮ್ಮಲ್ಲಿದೆ. ಆ ತೀರ್ಮಾನವನ್ನು ತುಸು ಮರುಪರಿಶೀಲಿಸಬೇಕಾಗುತ್ತದೆ. ಬರೆದುಕೊಟ್ಟರೆ ಕೈತಪ್ಪುತ್ತದೆ ಎಂಬ ಅವರ ಅಳುಕಿಗೆ ಕಾನೂನಿನಲ್ಲಿಯೇ ಆಧಾರವಿತ್ತು.

1977ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ವಿಷಯ ಬಂದಿತು. ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಮತ್ತು ಪೂರ್ವ ಭಾರತದ ಚಲನಚಿತ್ರ ಸಂಘದ ನಡುವಣ ಆ ಮೊಕದ್ದಮೆಯ ತೀರ್ಪಿನ ಪ್ರಕಾರ, ಚಿತ್ರಕ್ಕಾಗಿ ಹಣ ಪಡೆದು ರಚಿಸಿದ ಗೀತೆ ಮತ್ತು ಧಾಟಿಗಳಿಗೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಚಿತ್ರನಿರ್ಮಾಪಕನೇ ಮೊದಲ ಒಡೆಯ. ಕವಿಗಳಿಗೂ ಸಂಗೀತ ನಿರ್ದೇಶಕರಿಗೂ ಮೂರೂವರೆ ದಶಕಗಳ ಕಾಲ ಕಂಟಕವಾದ ತೀರ್ಪು ಇದು. ಆದರೆ ಅದೇ ತೀರ್ಪಿಗೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಸೇರಿಸಿದ ಕಿರುಟಿಪ್ಪಣಿಯೊಂದು ಮುಖ್ಯ ತೀರ್ಪಿಗಿಂತ ಹೆಚ್ಚು ಕಾಲ ಬಾಳುವ ಗುಣವುಳ್ಳದ್ದು. ಭಾರತೀಯ ಶ್ರೋತೃ ಮಾರುಹೋಗುವುದು ರಾಗ, ಭಾವ, ಲಯಗಳಿಗೆ, ಹಾಡುವ ಕಂಠಕ್ಕೆ. ಕಾನೂನು ರಕ್ಷಿಸುವುದಾದರೋ ಕಾಗದದ ಮೇಲಿನ ಗುರುತುಗಳನ್ನು ಎಂಬ ವಿಪರ್ಯಾಸವನ್ನು ಅವರು ಅಲ್ಲಿ ಎತ್ತಿ ತೋರಿಸಿ, ಗಾಯಕರನ್ನು ಹೊರಗಿಟ್ಟ ಈ ವ್ಯಾಖ್ಯೆ ನಮ್ಮ ಸಂಗೀತಕ್ಕೆ ಒಗ್ಗದೆಂದೂ ಶಾಸಕಾಂಗ ಇದನ್ನು ಗಮನಿಸಬೇಕೆಂದೂ ಸೂಚಿಸಿದರು.

ಶಾಸಕಾಂಗ ಗಮನಿಸಲು 17 ವರ್ಷ ಹಿಡಿಯಿತು. 1994ರಲ್ಲಿ ಅಂಗೀಕೃತವಾಗಿ 1995ರ ಮೇ 10ರಿಂದ ಜಾರಿಗೆ ಬಂದ ತಿದ್ದುಪಡಿ ಬರೆಹದ ಷರತ್ತನ್ನು ಕೈಬಿಟ್ಟಿತು. ಸಂಗೀತವುಳ್ಳದ್ದೆಲ್ಲ ಸಂಗೀತ ಕೃತಿ, ಸ್ವರಲಿಪಿಗೆ ಇಳಿಸಲಿ ಬಿಡಲಿ ರಚಿಸಿದವರು ರಚನಕಾರರೇ ಎಂದಾಯಿತು. ಅದೇ ತಿದ್ದುಪಡಿ ಹಾಡುವವರಿಗೂ ನುಡಿಸುವವರಿಗೂ ‘ಪ್ರದರ್ಶಕರ ಹಕ್ಕು’ ಎಂಬ ಪ್ರತ್ಯೇಕ ಹಕ್ಕನ್ನು ಮೊದಲ ಬಾರಿಗೆ ಕೊಟ್ಟಿತು. ಅದುವರೆಗೆ ಪ್ರದರ್ಶನಕ್ಕೆ ಕಾನೂನಿನ ರಕ್ಷಣೆಯೇ ಇರಲಿಲ್ಲ. ನಟನೊಬ್ಬನ ಅಭಿನಯ ‘ಕೃತಿ’ಯಾಗುವುದಿಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯ 1978ರಲ್ಲಿ ದೇವ್ ಆನಂದ್ ಅವರ ಪ್ರಕರಣದಲ್ಲಿ ಹೇಳಿತ್ತು. ಹೊಸ ಹಕ್ಕಿನ ಅವಧಿ ಮೊದಲು 25 ವರ್ಷಗಳಿದ್ದು, 1999ರ ತಿದ್ದುಪಡಿಯಿಂದ 50ಕ್ಕೇರಿತು.

ಬರೆಹದ ಷರತ್ತು ಹೋದರೂ ಸಾಕ್ಷ್ಯದ ಸಮಸ್ಯೆ ಹೋಗಲಿಲ್ಲ. ಧ್ರುಪದದ ಡಾಗರ್ ಮನೆತನದ ರಚನೆಯೊಂದನ್ನು ತಮಿಳು ಚಿತ್ರದ ಗೀತೆಗೆ ಬಳಸಿಕೊಳ್ಳಲಾಗಿದೆಯೆಂದು ಎ. ಆರ್. ರೆಹಮಾನ್ ಮತ್ತಿತರರ ಮೇಲೆ ಹೂಡಲಾದ ದಾವೆಯಲ್ಲಿ 2025ರ ಏಪ್ರಿಲಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಡಾಗರರ ಪರವಾಗಿ ಮಧ್ಯಂತರ ಆದೇಶ ನೀಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಗೊಳಿಸಿತು; ಹಾಡಿದ್ದಾರೆ ಎಂಬುದಕ್ಕೆ ಸಿಗುವ ಪುರಾವೆ ರಚಿಸಿದ್ದಾರೆ ಎಂಬುದಕ್ಕೆ ಪುರಾವೆಯಾಗಲಾರದು ಎಂಬುದು ಅದರ ತರ್ಕದ ತಿರುಳು. ಗುರುಪರಂಪರೆಯ ವಿದ್ಯೆಯಲ್ಲಿ ಇವೆರಡನ್ನು ಬೇರ್ಪಡಿಸುವ ದಾಖಲೆ ಎಲ್ಲಿಂದ ತರಬೇಕು? ಚೀಜಿನಲ್ಲಿ ರಚನಕಾರನ ಅಂಕಿತವಿದ್ದರೆ ಒಂದಿಷ್ಟು ಆಧಾರ ಸಿಗುತ್ತದೆ. ದಾಸರ ಪದಗಳ, ವಚನಗಳ ಅಂಕಿತವನ್ನು ಹಿಡಿದು ಕರ್ತೃತ್ವ ನಿರ್ಣಯ ಮಾಡುವ ಕಲೆಯಲ್ಲಿ ನುರಿತ ಕನ್ನಡ ವಿದ್ವಾಂಸರಿಗೆ ಈ ಬಗೆಯ ಸಮಸ್ಯೆ ಹೊಸತೇನಲ್ಲ. ಆದರೆ ಅಂಕಿತ ಸಾಹಿತ್ಯದ ಕರ್ತೃವನ್ನು ಹೇಳೀತೇ ಹೊರತು ಧಾಟಿಯ ಕರ್ತೃವನ್ನು ಹೇಳಲಾರದು.

ಅವಧಿಯ ಲೆಕ್ಕ

1957ರ ಅಧಿನಿಯಮದಂತೆ ಧ್ವನಿಮುದ್ರಿಕೆಯ ಸ್ವಾಮ್ಯ ಅದು ಪ್ರಕಟವಾದ ಮರುವರ್ಷದ ಆರಂಭದಿಂದ 50 ವರ್ಷ ನಡೆಯುತ್ತಿತ್ತು. ಇದು 60 ವರ್ಷಗಳಾದ ಕಥೆಗೂ ಸಂಗೀತಕ್ಕೂ ನೇರ ಸಂಬಂಧವೇ ಇಲ್ಲ. ರವೀಂದ್ರನಾಥ ಠಾಕೂರರು 1941ರಲ್ಲಿ ತೀರಿಕೊಂಡಿದ್ದರು. ಅವರ ಕೃತಿಗಳ ಮೇಲೆ ವಿಶ್ವಭಾರತಿಗಿದ್ದ ಸ್ವಾಮ್ಯ 1991ರ ಕೊನೆಯ ದಿನ ಮುಗಿಯಬೇಕಾಗಿತ್ತು. ಮೂರೇ ದಿನ ಉಳಿದಿದ್ದಾಗ, ಡಿಸೆಂಬರ್ 28ರಂದು ಸುಗ್ರೀವಾಜ್ಞೆ ಹೊರಟಿತು. 1992ರಲ್ಲಿ ಸಂಸತ್ತು ಅದನ್ನು ಅಧಿನಿಯಮವಾಗಿಸಿತು. ಕವಿಗುರುವಿನ ಗ್ರಂಥಗಳಿಗಾಗಿ ಬೀಸಿದ ಬಲೆಯಲ್ಲಿ ಛಾಯಾಚಿತ್ರ, ಚಲನಚಿತ್ರ, ಧ್ವನಿಮುದ್ರಿಕೆಗಳೂ ಸಿಲುಕಿದವು.

ಇದರ ಫಲಿತಾಂಶವನ್ನು ಬಿಡಿಸಿ ನೋಡುವುದು ಒಳ್ಳೆಯದು. ಅದಾಗಲೇ ಮುಗಿದುಹೋಗಿದ್ದ ಸ್ವಾಮ್ಯವನ್ನು ಹೊಸ ಕಾನೂನು ಮರಳಿ ಜೀವಂತಗೊಳಿಸಲಿಲ್ಲ. ಆದುದರಿಂದ 1940 ಮತ್ತು ಅದಕ್ಕೆ ಹಿಂದಿನ ತಟ್ಟೆಗಳು 1991ರ ಜನವರಿಯ ವೇಳೆಗೇ ಸಾರ್ವಜನಿಕ ಸ್ವತ್ತಾಗಿದ್ದು ಹಾಗೆಯೇ ಉಳಿದವು. ಗಾಂಧಾರಿಯ ಹೆಸರಿನ ಮೊದಲ ತಟ್ಟೆಗಳೂ 1937ರಲ್ಲಿ ಗತಿಸಿದ ಅಬ್ದುಲ್ ಕರೀಂ ಖಾನರು ತಮ್ಮ ಜೀವಿತಕಾಲದಲ್ಲಿ ಹೊರತಂದ ತಟ್ಟೆಗಳೂ ಇದರಲ್ಲಿ ಸೇರುತ್ತವೆ. ಆದರೆ 1941ರ ತಟ್ಟೆಗಳು 1992ರ ಬದಲಿಗೆ 2002ರ ಜನವರಿ 1ರಂದು ಬಿಡುಗಡೆಯಾದವು. ಒಂದು ವರ್ಷದ ಅಂತರದ ಎರಡು ತಟ್ಟೆಗಳ ನಡುವೆ ಬಿಡುಗಡೆಯಲ್ಲಿ 11 ವರ್ಷಗಳ ಅಂತರ ಬಿದ್ದಿತು. ಅಲ್ಲಿಂದೀಚೆಗೆ ಪ್ರತಿ ಜನವರಿಗೆ ಒಂದೊಂದು ವರ್ಷದ ತಟ್ಟೆಗಳು ಹೊರಬರುತ್ತವೆ: 1960ರವು 2021ರಲ್ಲಿ, 1965ರವು 2026ರಲ್ಲಿ.

ಲೆಕ್ಕವೇನೋ ಸರಳ. ಆದರೆ ಅದಕ್ಕೆ ಬೇಕಾದ ಪ್ರಕಟಣೆಯ ವರ್ಷವನ್ನು ಹುಡುಕುವುದು ಎಲ್ಲಿ? ನಿಮಿಷಕ್ಕೆ 78 ಸುತ್ತಿನ ತಟ್ಟೆಗಳ ಚೀಟಿಯ ಮೇಲೆ ಕಲಾವಿದರ ಹೆಸರು, ರಾಗ, ಕ್ರಮಸಂಖ್ಯೆ ಇರುತ್ತವೆಯೇ ಹೊರತು ಸಾಮಾನ್ಯವಾಗಿ ವರ್ಷವಿರುವುದಿಲ್ಲ. ಪ್ರಕಟಣೆಯ ವರ್ಷ ಮತ್ತು ನಿರ್ಮಾಪಕರ ಹೆಸರು ವಿಳಾಸಗಳನ್ನು ಮುದ್ರಿಸುವುದನ್ನು ಕಾನೂನು ಕಡ್ಡಾಯಗೊಳಿಸಿದ್ದು 1984ರ ತಿದ್ದುಪಡಿಯಿಂದೀಚೆಗೆ. ಅದಕ್ಕೆ ಹಿಂದಿನವುಗಳ ಕಾಲನಿರ್ಣಯಕ್ಕೆ ಕಂಪನಿಯ ಮಾಸಿಕ ಪಟ್ಟಿಗಳು, ಪತ್ರಿಕೆಗಳ ಜಾಹೀರಾತು, ತಟ್ಟೆಯ ಒಳಅಂಚಿನಲ್ಲಿ ಕೊರೆದ ಅಚ್ಚಿನ ಸಂಖ್ಯೆ ಇವುಗಳೇ ಆಧಾರ. ಶಾಸನದ ಲಿಪಿಯನ್ನು ನೋಡಿ ಕಾಲ ಗೊತ್ತುಮಾಡುವ ಕೆಲಸಕ್ಕೂ ಇದಕ್ಕೂ ಹತ್ತಿರದ ನಂಟು. ಮೈಕೆಲ್ ಕಿನಿಯರ್ ಭಾರತದ ಮೊದಲ ಧ್ವನಿಮುದ್ರಿಕೆಗಳನ್ನು ಕುರಿತು ಸಿದ್ಧಪಡಿಸಿ 1994ರಲ್ಲಿ ಮುಂಬಯಿಯಿಂದ ಪ್ರಕಟವಾದ ಸೂಚಿ, ಮುಂಬಯಿಯಲ್ಲಿ 1990ರಲ್ಲಿ ಹುಟ್ಟಿದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘದ ಪತ್ರಿಕೆ ಇಂಥವು ಹವ್ಯಾಸಿಗಳ ಕುತೂಹಲದಿಂದ ಹುಟ್ಟಿದರೂ ಕಾನೂನಿನ ದಾಖಲೆಗಳ ಬೆಲೆಯುಳ್ಳವು. ಕನ್ನಡ ತಟ್ಟೆಗಳಿಗೂ ಅಂಥ ವರ್ಷವಾರು ಸೂಚಿ ಬೇಕು, ಪಿಎಚ್.ಡಿ. ಪದವಿಗೆ ವಿಷಯ ಹುಡುಕುವ ವಿದ್ಯಾರ್ಥಿಗಳು ಇತ್ತ ಕಣ್ಣುಹಾಯಿಸಬಹುದು.

ಇನ್ನೊಂದು ತೊಡಕು ಪ್ರಕಟವಾಗದ ಮುದ್ರಿಕೆಗಳದು. ಮನೆಯ ಬೈಠಕ್ಕಿನಲ್ಲಿ, ಗಣೇಶೋತ್ಸವದ ಕಚೇರಿಯಲ್ಲಿ ಟೇಪಿಗೆ ಹಿಡಿದು ಯಾರದೋ ಕಪಾಟಿನಲ್ಲಿ ಉಳಿದ ಸಂಗೀತಕ್ಕೆ ಪ್ರಕಟಣೆಯ ವರ್ಷವೇ ಇಲ್ಲ. ಎಣಿಕೆ ಆರಂಭವಾಗುವುದು ಪ್ರಕಟಣೆಯಿಂದಾದ್ದರಿಂದ ಅವುಗಳ ಅವಧಿ ಓಡಲು ತೊಡಗಿಯೇ ಇಲ್ಲ ಎನ್ನಬೇಕಾಗುತ್ತದೆ. ಮೂರು ನಿಮಿಷದ ತಟ್ಟೆಗಿಂತ ಮೂರು ಗಂಟೆಯ ಬೈಠಕ್ಕಿನ ಟೇಪಿನಲ್ಲಿ ಗಾಯಕನ ನಿಜವಾದ ವಿಸ್ತಾರ ತಿಳಿಯುತ್ತದೆಂಬುದನ್ನು ಬಲ್ಲವರಿಗೆ ಇದು ಸಣ್ಣ ತೊಡಕೇನಲ್ಲ.

ದೇಶದ ಗಡಿ ದಾಟಿದರೆ ಲೆಕ್ಕ ಮತ್ತೆ ಬೇರೆ. ಐರೋಪ್ಯ ಒಕ್ಕೂಟ 2011ರ ನಿರ್ದೇಶನದಿಂದ ಧ್ವನಿಮುದ್ರಿಕೆಯ ಅವಧಿಯನ್ನು 50ರಿಂದ 70 ವರ್ಷಕ್ಕೇರಿಸಿತು. ಅಮೆರಿಕದಲ್ಲಿ 2018ರ ಶಾಸನದಂತೆ 1923ಕ್ಕೆ ಹಿಂದಿನ ಧ್ವನಿಮುದ್ರಿಕೆಗಳು ಬಿಡುಗಡೆಯಾದದ್ದೇ 2022ರ ಜನವರಿಯಲ್ಲಿ. ಮುಂಬಯಿಯಲ್ಲಿ ಎಲ್ಲರ ಸ್ವತ್ತಾದ ತಟ್ಟೆ ಅಲ್ಲಿಯೂ ಹಾಗೆಯೇ ಇರುತ್ತದೆಂದು ಭಾವಿಸುವಂತಿಲ್ಲ.

ಒಂದು ಕ್ಯಾಸೆಟ್ಟಿನಲ್ಲಿ ಮೂರು ಕಾಲ

ಧ್ವನಿಮುದ್ರಿಕೆಯ ಅವಧಿ ಮುಗಿದೊಡನೆ ಅದರೊಳಗಿರುವುದೆಲ್ಲ ಮುಕ್ತವಾಯಿತೆಂದು ತಿಳಿಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮುದ್ರಿಕೆ ಬೇರೆ, ಧಾಟಿ ಬೇರೆ, ಸಾಹಿತ್ಯ ಬೇರೆ. ಧಾಟಿಗೂ ಸಾಹಿತ್ಯಕ್ಕೂ ಅವುಗಳ ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ. ಭಾವಗೀತೆಗಳ ಮೊದಲ ಕನ್ನಡ ಕ್ಯಾಸೆಟ್ಟೆಂದು ಪ್ರಸಿದ್ಧವಾದ ‘ನಿತ್ಯೋತ್ಸವ’ವನ್ನೇ (1978) ತೆಗೆದುಕೊಳ್ಳಬಹುದು. ಮುದ್ರಿಕೆಯ ಸ್ವಾಮ್ಯ 2038ರ ಕೊನೆಗೆ ಮುಗಿಯುತ್ತದೆ. ಧಾಟಿ ಹಾಕಿದ ಮೈಸೂರು ಅನಂತಸ್ವಾಮಿಯವರು ತೀರಿಕೊಂಡದ್ದು 1995ರಲ್ಲಿ; ಧಾಟಿಯ ಸ್ವಾಮ್ಯ 2055ರವರೆಗೆ. ಕವಿ ಕೆ. ಎಸ್. ನಿಸಾರ್ ಅಹಮದ್ ನಿಧನರಾದದ್ದು 2020ರಲ್ಲಿ. ಕವಿತೆಗಳ ಸ್ವಾಮ್ಯ 2080ರವರೆಗೆ. ಕೈಯಗಲದ ಒಂದು ಕ್ಯಾಸೆಟ್ಟಿನೊಳಗೆ 42 ವರ್ಷಗಳ ಅಂತರದ ಮೂರು ಗಡುವುಗಳು ಸುತ್ತಿಕೊಂಡಿವೆ. ಧಾಟಿ ಹುಟ್ಟಿದ್ದು 1995ಕ್ಕೆ ಮೊದಲು; ಆಗ ಅದು ಸ್ವರಲಿಪಿಗೆ ಇಳಿದಿತ್ತೇ ಇಲ್ಲವೇ ಎಂಬ ಪ್ರಶ್ನೆಯನ್ನೂ ಸೇರಿಸಿಕೊಂಡರೆ ಲೆಕ್ಕ ವಕೀಲರಿಗೇ ಮೀಸಲು.

ಬೇಂದ್ರೆಯವರ (ನಿಧನ 1981) ಕವಿತೆಗಳನ್ನು ಹಾಡಿರುವ ಹಳೆಯ ತಟ್ಟೆ ಮುಕ್ತವಾದರೂ ಕವಿತೆ 2041ರ ಕೊನೆಯವರೆಗೆ ಮುಕ್ತವಲ್ಲ. ಕುವೆಂಪು (ನಿಧನ 1994) ಕವಿತೆಗಳು 2054ರವರೆಗೆ. ದಾಸರ ಪದಗಳ ಮತ್ತು ವಚನಗಳ ಸಾಹಿತ್ಯಕ್ಕೆ ಯಾವ ಕಟ್ಟೂ ಇಲ್ಲ. ಮನಸೂರರು ಹಾಡಿದ ವಚನ ಎಲ್ಲರದು. ಅದಕ್ಕೆ ಜೋಡಿಸಿದ ಧಾಟಿ ಮತ್ತು ಹಾಡಿದ ಮುದ್ರಿಕೆ ಎಲ್ಲರದಲ್ಲ. ಕರ್ನಾಟಕ ಸಂಗೀತದಲ್ಲಿ ತ್ಯಾಗರಾಜರ ಕೃತಿಗಳಂತೆಯೇ ವೀಣೆ ಶೇಷಣ್ಣನವರ (ನಿಧನ 1926) ರಚನೆಗಳೂ ಮುಕ್ತ. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರಾದ್ದರಿಂದ ಅವರ ಕೀರ್ತನೆಗಳು 2022ರ ಆರಂಭದಲ್ಲಿ ಆ ಸಾಲಿಗೆ ಸೇರಿದವು. ಕಚೇರಿಗಳಲ್ಲಿ ಅವನ್ನು ಹಾಡುತ್ತ ಬಂದವರಲ್ಲಿ ಈ ದಿನಾಂಕವನ್ನು ಗಮನಿಸಿದವರು ಬಹುಶಃ ವಿರಳ.

ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಕುರಿತ ಮೊಕದ್ದಮೆಯನ್ನೂ ಇಲ್ಲಿ ಸ್ಮರಿಸಬೇಕು. 2001ರಲ್ಲಿ ದೆಹಲಿಯಲ್ಲಿ ನಡೆದ ಪ್ರದರ್ಶನವೊಂದು ಅದಕ್ಕೆ ಕಾರಣವಾಗಿತ್ತು. ಕಾರಂತರ ಉಯಿಲಿನಿಂದ ಹಕ್ಕು ಪಡೆದವರ ಸ್ವಾಮ್ಯವನ್ನು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಎತ್ತಿಹಿಡಿಯಿತು. ಜೊತೆಗೆ ಶಿಕ್ಷಣ ಸಂಸ್ಥೆಗಳಿಗೂ ಹವ್ಯಾಸಿ ತಂಡಗಳಿಗೂ ಕಾನೂನು ಕೊಟ್ಟಿರುವ ವಿನಾಯಿತಿಗಳನ್ನು ಪ್ರತಿಬಂಧಕಾಜ್ಞೆ ಕಸಿಯಲಾಗದೆಂದೂ ಸ್ಪಷ್ಟಪಡಿಸಿತು. ಪರಂಪರೆಯಿಂದ ಬಂದ ಕಲೆಗೆ ಒಬ್ಬರು ಮಾಡಿದ ಹೊಸ ಜೋಡಣೆ ಎಷ್ಟರಮಟ್ಟಿಗೆ ಅವರದು ಎಂಬ ಪ್ರಶ್ನೆಯಲ್ಲಿ ಚೀಜಿಗೂ ಯಕ್ಷಗಾನಕ್ಕೂ ಭೇದವಿಲ್ಲ.

2012ರ ತಿದ್ದುಪಡಿ ಮತ್ತು ಅಭ್ಯಾಸಿಗಳ ಪಾಲು

2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿ 1977ರ ತೀರ್ಪಿನ ಕಹಿಯನ್ನು ಬಹುಮಟ್ಟಿಗೆ ಕಳೆಯಿತು. ಚಿತ್ರದಲ್ಲಿ ಅಥವಾ ಧ್ವನಿಮುದ್ರಿಕೆಯಲ್ಲಿ ಸೇರಿದ ಸಾಹಿತ್ಯ ಮತ್ತು ಧಾಟಿಗಳ ಮುಂದಿನ ಬಳಕೆಯ ರಾಯಧನದಲ್ಲಿ ರಚಿಸಿದವರಿಗೆ ಸಮಪಾಲು ಸಲ್ಲಬೇಕು. ಅದನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕಲ್ಲದೆ ಬೇರಾರಿಗೂ ಬರೆದುಕೊಡುವಂತಿಲ್ಲ, ಬಿಟ್ಟುಕೊಡುವಂತೆಯೂ ಇಲ್ಲ. ವಾಣಿಜ್ಯ ಬಳಕೆಯ ರಾಯಧನಕ್ಕೆ ಪ್ರದರ್ಶಕರೂ ಅರ್ಹರಾದರು. ರಾಜ್ಯಸಭೆಯಲ್ಲಿ ಇದಕ್ಕಾಗಿ ವಾದಿಸಿದ ಜಾವೇದ್ ಅಖ್ತರ್ ಸ್ವತಃ ಗೀತರಚನಕಾರರು. ಆದರೆ 78 ಸುತ್ತಿನ ಕಾಲದ ಗಾಯಕರಿಗೆ ಈ ನ್ಯಾಯ ತಲುಪುವಂತಿರಲಿಲ್ಲ. ಭೀಮಸೇನ ಜೋಶಿಯವರು ತೀರಿಕೊಂಡದ್ದು 2011ರಲ್ಲಿ, ತಿದ್ದುಪಡಿಗೆ ಒಂದು ವರ್ಷ ಮೊದಲು.

ಅಭ್ಯಾಸಿಗಳಿಗೆ ಸಂಬಂಧಿಸಿದ ಬದಲಾವಣೆಗಳು ಇವಕ್ಕಿಂತ ಕಡಿಮೆ ಸುದ್ದಿಯಾದವು. ಸಂಶೋಧನೆ, ವಿಮರ್ಶೆಗಳಿಗಾಗಿ ನ್ಯಾಯೋಚಿತವಾಗಿ ಬಳಸಿಕೊಳ್ಳಲು 52ನೆಯ ಕಲಂ ಕೊಟ್ಟಿದ್ದ ವಿನಾಯಿತಿ ಅದುವರೆಗೆ ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳಿಗೆ ಮಾತ್ರ ಇದ್ದು ಧ್ವನಿಮುದ್ರಿಕೆಯನ್ನು ಒಳಗೊಂಡಿರಲಿಲ್ಲ. ಕವಿತೆಯ ನಾಲ್ಕು ಸಾಲನ್ನು ಲೇಖನದಲ್ಲಿ ಉದ್ಧರಿಸಬಹುದಿತ್ತು. ಆಲಾಪದ ನಾಲ್ಕು ಕ್ಷಣಗಳ ಪ್ರತಿ ತೆಗೆದುಕೊಳ್ಳುವಂತಿರಲಿಲ್ಲ. ಮಾರುಕಟ್ಟೆಯಲ್ಲಿ ದೊರೆಯದ ಪುಸ್ತಕದ ಮೂರು ಪ್ರತಿಗಳನ್ನು ಸಾರ್ವಜನಿಕ ಗ್ರಂಥಾಲಯ ಮಾಡಿಸಿಕೊಳ್ಳಬಹುದೆಂಬ ಕಲಮು ‘ಪುಸ್ತಕ’ ಎಂಬುದರೊಳಗೆ ಅಚ್ಚಾದ ಸ್ವರಲಿಪಿಯ ಹಾಳೆಯನ್ನೂ ಸೇರಿಸಿತ್ತು, ತಟ್ಟೆಯನ್ನಲ್ಲ. ಇಲ್ಲಿಯೂ ಕಾಗದಕ್ಕೇ ಮಣೆ. 2012ರಲ್ಲಿ ನ್ಯಾಯೋಚಿತ ಬಳಕೆ ಗಣಕದ ಕ್ರಮವಿಧಿಯೊಂದನ್ನು ಬಿಟ್ಟು ಎಲ್ಲ ಕೃತಿಗಳಿಗೂ ವಿಸ್ತರಿಸಿತು. ತರಗತಿಯಲ್ಲಿ ಪಾಠದ ಭಾಗವಾಗಿ ಪ್ರತಿ ಮಾಡಿಕೊಳ್ಳುವ ಅವಕಾಶವೂ ಹಾಗೆಯೇ ವಿಸ್ತರಿಸಿತು. ದೆಹಲಿ ವಿಶ್ವವಿದ್ಯಾಲಯದ ನೆರಳಚ್ಚಿನ ಅಂಗಡಿಯ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ 2016ರಲ್ಲಿ ಆ ಕಲಮಿಗೆ ಉದಾರವಾದ ಅರ್ಥವನ್ನೇ ಕೊಟ್ಟಿತು. ಲಾಭಕ್ಕಾಗಿ ನಡೆಸದ ಸಂಘಗಳು ತಮ್ಮ ಚಟುವಟಿಕೆಯ ಅಂಗವಾಗಿ ಮುದ್ರಿಕೆಗಳನ್ನು ಕೇಳಿಸಲು ಮೊದಲಿನಿಂದಲೂ ವಿನಾಯಿತಿ ಇದೆ. ಹೊರನಾಡಿನ ಕನ್ನಡ ಸಂಘಗಳು ಹಳೆಯ ತಟ್ಟೆಗಳನ್ನು ಕೇಳುವ ಕೂಟವನ್ನು ಏರ್ಪಡಿಸಲು ಹಿಂಜರಿಯಬೇಕಾಗಿಲ್ಲ.

ಇನ್ನೊಂದು ಕಲಮು ಕನ್ನಡದಂಥ ಭಾಷೆಗಳಿಗೆ ಮುಖ್ಯವಾದುದು. ಹಳೆಯ ಹಾಡನ್ನು ಬೇರೆ ದನಿಯಲ್ಲಿ ಹಾಡಿಸಿ ಹೊರತರುವ ವ್ಯಾಪಾರ 1980ರ ದಶಕದ ಕ್ಯಾಸೆಟ್ ಯುಗದಲ್ಲಿ ಜೋರಾಗಿ ನಡೆಯಿತು. ಅದನ್ನು ಬಿಗಿಗೊಳಿಸಿದ ಹೊಸ ಕಲಮಿನಂತೆ ಐದು ವರ್ಷ ಕಾಯಬೇಕು ಮತ್ತು ಕನಿಷ್ಠ 50,000 ಪ್ರತಿಗಳ ರಾಯಧನವನ್ನು ತೆರಬೇಕು. ಹಿಂದಿ ಗೀತೆಗೆ ಇದು ಹೊರೆಯಲ್ಲದಿರಬಹುದು. ಕನ್ನಡದ ಭಾವಗೀತೆಗೆ, ಇನ್ನು ತುಳು ಕೊಂಕಣಿಗಳ ಹಾಡಿಗೆ ಅದು ಬಾಗಿಲು ಮುಚ್ಚಿದಂತೆಯೇ. ಸಂಭವನೀಯ ಪ್ರಸಾರವನ್ನು ನೋಡಿ ನಿರ್ದಿಷ್ಟ ಭಾಷೆ ಅಥವಾ ಉಪಭಾಷೆಗೆ ಕಡಿಮೆ ಸಂಖ್ಯೆಯನ್ನು ನಿಗದಿಪಡಿಸಬಹುದೆಂಬ ಮಾತೂ ಅದೇ ಕಲಮಿನಲ್ಲಿದೆ. ಆ ಅಧಿಕಾರ ಮೊದಲು ಕೃತಿಸ್ವಾಮ್ಯ ಮಂಡಲಿಗಿದ್ದು, ಮಂಡಲಿಗಳನ್ನು ರದ್ದುಮಾಡಿದ 2021ರ ನಂತರ ನ್ಯಾಯಾಲಯಗಳಿಗೆ ಸೇರಿದೆ. ಭಾಷೆಯ ಹಿತ ಕಾಯುವ ಸಂಸ್ಥೆಗಳು ಬಳಸಿಕೊಳ್ಳಬೇಕಾದ ಅವಕಾಶವಿದು.

ಉಳಿದಿರುವುದು ಕಾಪಿಡುವ ಪ್ರಶ್ನೆ. ಪುಸ್ತಕ ಅಚ್ಚಾದರೆ 1954ರ ಕಾನೂನಿನಂತೆ ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಿರ್ದಿಷ್ಟ ಗ್ರಂಥಾಲಯಗಳಿಗೆ ಪ್ರತಿ ಒಪ್ಪಿಸಬೇಕು. ಧ್ವನಿಮುದ್ರಿಕೆಗೆ ಅಂಥ ಕಡ್ಡಾಯ ಆ ಕಾನೂನಿನಲ್ಲಿಲ್ಲ. ಕಂಪನಿಗೆ 60 ವರ್ಷಗಳ ಏಕಸ್ವಾಮ್ಯ ಕೊಟ್ಟ ಕಾನೂನು ಆ 60 ವರ್ಷ ಮೂಲ ಅಚ್ಚನ್ನು ಕೆಡದಂತೆ ಇಟ್ಟುಕೊಳ್ಳುವ ಹೊಣೆಯನ್ನು ಕಂಪನಿಯ ಮೇಲೆ ಹೊರಿಸಿಲ್ಲ. ಅರಗಿನ ತಟ್ಟೆ ಬಿದ್ದರೆ ಒಡೆಯುತ್ತದೆ, ಬೀಳದಿದ್ದರೆ ಶತಮಾನ ಬಾಳುತ್ತದೆ. ಕ್ಯಾಸೆಟ್ಟಿನ ಟೇಪು ಹಾಗಲ್ಲ. ಮುಂಬಯಿ, ಮಂಗಳೂರುಗಳ ತೇವದ ಹವೆಯಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಲೇಪ ಉದುರುತ್ತದೆ, ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 1902ರ ತಟ್ಟೆ ಇಂದಿಗೂ ನುಡಿಯುತ್ತಿರುವಾಗ 1978ರ ಕ್ಯಾಸೆಟ್ಟು 2038ರವರೆಗೆ ನುಡಿಯುವಂತಿರುತ್ತದೆಯೇ ಎಂಬುದು ಸಂದೇಹಾಸ್ಪದ. ಎಷ್ಟೋ ಸಣ್ಣ ಕ್ಯಾಸೆಟ್ ಕಂಪನಿಗಳು ಮುಚ್ಚಿಹೋಗಿ, ಅನುಮತಿ ಕೇಳಲು ಒಡೆಯರೇ ಸಿಗುವುದಿಲ್ಲ. ಒಡೆಯರ ಪತ್ತೆಯಿಲ್ಲದ ಕೃತಿಗಳಿಗೆ ಪರವಾನಗಿ ಪಡೆಯುವ ದಾರಿಯನ್ನು ಕಾನೂನು ಇಟ್ಟಿದೆಯಾದರೂ ಪತ್ರಿಕಾ ಪ್ರಕಟಣೆ, ಅರ್ಜಿ, ವಿಚಾರಣೆಗಳ ಆ ದಾರಿ ಒಬ್ಬ ಸಂಶೋಧಕನ ಕೈಗೆಟುಕುವಂಥದಲ್ಲ.

ವಿಶ್ವವಿದ್ಯಾಲಯಗಳು ಇಂದೇ ಮಾಡಬಹುದಾದದ್ದು ಒಂದಿದೆ. ವಾಣಿಜ್ಯೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿಡಬಹುದೆಂದು 2012ರ ತಿದ್ದುಪಡಿ ಹೇಳುತ್ತದೆ. ಆ ಪ್ರತಿಯನ್ನು ಅಂತರಜಾಲದಲ್ಲಿ ಹರಿಯಬಿಡುವ ಅಧಿಕಾರ ಇದರಿಂದ ಬರುವುದಿಲ್ಲ. ಗ್ರಂಥಾಲಯದ ಒಳಗೆ ಕುಳಿತು ಕೇಳುವ ಅಭ್ಯಾಸಿಗೆ ಸಂಶೋಧನೆಯ ವಿನಾಯಿತಿ ನೆರವಾಗುತ್ತದೆ. ವಿಭಾಗಗಳ ಕಪಾಟುಗಳಲ್ಲಿ ಜನಪದ ಕ್ಷೇತ್ರಕಾರ್ಯದ ಟೇಪುಗಳು, ಕವಿಗೋಷ್ಠಿಗಳ ಮುದ್ರಣ, ದಾನವಾಗಿ ಬಂದ ಕ್ಯಾಸೆಟ್ಟುಗಳು ಕೂಡಿಕೊಂಡಿವೆ. ಅವುಗಳ ಮೇಲೆ ಹಾಡಿದವರ ಹೆಸರು, ಊರು, ತಾರೀಖು, ಮುದ್ರಿಸಿಕೊಂಡವರ ಹೆಸರುಗಳನ್ನು ಬರೆದು ಪಟ್ಟಿಮಾಡುವುದು ಮೊದಲ ಕೆಲಸ. ಅವನ್ನು ಓಡಿಸಬಲ್ಲ, ಸುಸ್ಥಿತಿಯಲ್ಲಿರುವ ಯಂತ್ರವೊಂದನ್ನು ಹುಡುಕುವುದು ಎರಡನೆಯದು. ಯಂತ್ರವನ್ನು ರಿಪೇರಿ ಮಾಡಬಲ್ಲವರ ಸಂಖ್ಯೆ ಟೇಪುಗಳಿಗಿಂತಲೂ ಬೇಗ ಕಡಿಮೆಯಾಗುತ್ತಿದೆ.